ತವರಿನ ಬಟ್ಟೆ

೮ ನವೆಂಬರ್ ೧೯೬೪, ಭಾನುವಾರ

“ಬಿಟ್ಟು ಬಂದ ಊರು ನನ್ನ ಬಿಟ್ಟಿತೋ ಇಲ್ಲವೋ.” ಬೆಳಗಿನಿಂದ ಈ ಸಾಲು ನಾಲಗೆಯ ಮೇಲೆ ಕೂತಿದೆ. ಎಲ್ಲಿ ಓದಿದ್ದೋ ತಿಳಿಯದು. ‘ಬಿಟ್ಟಿತೋ’ ಎಂದಿತ್ತೋ ‘ಮರೆಯಿತೋ’ ಎಂದಿತ್ತೋ, ಅದೂ ಖಚಿತವಿಲ್ಲ. ಮುಂದಿನ ಸಾಲಂತೂ ಬರಲೇ ಇಲ್ಲ. ಕೇಳಲು ಚೆನ್ನಾಗಿದೆ, ಆದರೆ ನಿಜವೇ? ಊರು ಯಾರನ್ನಾದರೂ ಹಿಡಿದಿಟ್ಟುಕೊಂಡದ್ದನ್ನು ನಾನು ಕಂಡಿಲ್ಲ. ನಾಲ್ಕು ವರ್ಷದ ಹಿಂದೆ ಮೈಸೂರು ಬಿಟ್ಟು ಶಿರಾಕ್ಕೆ ಮರಳಿದಾಗ ಈ ಬೀದಿ ನನ್ನನ್ನು “ಯಾರಮ್ಮ, ಯಾರ ಮನೆ ಬೇಕಿತ್ತು?” ಎಂದೇ ಕೇಳಿತು.

ಅಮ್ಮ ಹೋಗಿ ಆರು ತಿಂಗಳಾಗುತ್ತ ಬಂತು. ಅವಳನ್ನು ನೋಡಿಕೊಳ್ಳಲು ಬಂದವಳು ನಾನು. ಇನ್ನು ಇಲ್ಲಿರಲು ಕಾರಣವಿಲ್ಲ. ಮೈಸೂರಿಗೆ ವರ್ಗ ಕೇಳಿ ಬರೆದಿದ್ದೇನೆ. ಇಲ್ಲಿನ ಹುಡುಗಿಯರ ಶಾಲೆಗೆ ಇನ್ನೊಬ್ಬ ಹೆಡ್ ಮಿಸ್ಟ್ರೆಸ್ ಸಿಗುತ್ತಾರೆ. ಮನೆಯನ್ನು ಬಾಡಿಗೆಗೆ ಕೊಟ್ಟರಾಯಿತು.

ಪಕ್ಕದ ಮನೆಯ ರಹಮತ್ ಬಿ ಅವರಿಗೆ ಮೈ ಸರಿಯಿಲ್ಲವಂತೆ. ಅಮ್ಮ ಇದ್ದಾಗ ದಿನವೂ ಹಿತ್ತಲ ಮೋಟು ಗೋಡೆಯ ಆಚೆ ನಿಂತು ಮಾತಾಡುತ್ತಿದ್ದರು. ಗೌರಿ ಹಬ್ಬದಿಂದ ಈಚೆಗೆ ಆ ಕಡೆ ಅವರ ತಲೆ ಕಂಡಿಲ್ಲ. ಚಿಕ್ಕಂದಿನಲ್ಲಿ ಅವರನ್ನು ಬೂಬಮ್ಮ ಎನ್ನುತ್ತಿದ್ದೆ. ನಲವತ್ತೇಳು ವರ್ಷದ ಹೆಂಗಸು ಈಗ ಹಾಗೆ ಕರೆದರೆ ಚೆನ್ನಾಗಿರುವುದಿಲ್ಲ. ಒಮ್ಮೆ ಹೋಗಿ ಬರಬೇಕು.

೧೫ ನವೆಂಬರ್, ಭಾನುವಾರ

ಹೋಗಲಾಗಲಿಲ್ಲ. ಇವತ್ತು ಬಟ್ಟೆ ಒಣಹಾಕುತ್ತಿದ್ದಾಗ ಅವರ ಸೊಸೆ ಅಮೀರುನ್ನೀಸಾ ಗೋಡೆಯ ಮೇಲೆ ಮೊಣಕೈ ಊರಿ ಕರೆದಳು.

“ಅಕ್ಕಾ, ನಮ್ಮತ್ತೇದು ದಿನಾ ಒಂದೇ ರಗಳೆ. ಎದೇಲಿ ನೀರು ತುಂಬೈತೆ, ಜಾಸ್ತಿ ದಿನ ಇಲ್ಲ ಅಂದ್ಬುಟ್ರು ಡಾಕ್ಟರು. ಇವರಿಗೆ ಅದರ ಚಿಂತೆ ಇಲ್ಲ. ಕಫನ್ ಯಾರು ತರ್ತಾರೆ, ಅದೊಂದೇ ಚಿಂತೆ.”

ಹೆಣ್ಣು ತೀರಿಕೊಂಡರೆ ಮೈಗೆ ಸುತ್ತುವ ಬಿಳಿ ಬಟ್ಟೆ ತವರಿನಿಂದ ಬರಬೇಕಂತೆ. ಗಂಡನ ಮನೆಯದಾಗಬಾರದು, ಮಕ್ಕಳದೂ ಆಗಬಾರದು. ನಮ್ಮಲ್ಲೂ ಹಾಗೆಯೇ. ಅಮ್ಮನ ಮೇಲೆ ಹೊದಿಸಿದ ಸೀರೆಯನ್ನು ತೋವಿನಕೆರೆಯಿಂದ ಸೋದರಮಾವನ ಮಗ ತಂದಿದ್ದ. ಅದು ಬರುವವರೆಗೂ ಯಾರೂ ಅವಳನ್ನು ಎತ್ತಲಿಲ್ಲ.

“ನಿಮ್ಮದೇ ಜವಳಿ ಅಂಗಡಿ ಇದೆಯಲ್ಲ” ಎಂದೆ.

“ಅದನ್ನೇ ನಾನೂ ಅಂದೆ, ಅತ್ತೇ ಥಾನುಗಟ್ಟಲೆ ಬಿಳಿ ಬಟ್ಟೆ ಬಿದ್ದೈತೆ ಅಂತ. ‘ನಿನ್ನ ಗಂಡನ ಅಂಗಡಿ ಬಟ್ಟೆ ಸುತ್ತಿ ಕಳಿಸ್ತೀಯೇನೇ, ದಿಕ್ಕಿಲ್ಲದ ಹೆಣದಂಗೆ?’ ಅಂತ ನನ್ನ ಮೇಲೇ ಬಿದ್ರು. ಮೈಯೆಲ್ಲಾ ಊದೈತೆ, ನಾಲಿಗೆ ಮಾತ್ರ ನೆಟ್ಟಗೈತೆ.” ನಗುತ್ತಲೇ ಸೆರಗಿನಿಂದ ಕಣ್ಣೊರೆಸಿಕೊಂಡಳು. “ಅವರ ತವರು ಪಾವಗಡದ ಕಡೆ ನಿಡಗಲ್ಲು. ಅಲ್ಲಿಂದ ಒಬ್ಬರೂ ಬಂದಿದ್ದು ನಾನು ಕಾಣೆ. ಇರ್ಲಿ, ಒಳಗೆ ಬನ್ನಿ ಅಕ್ಕಾ, ಚಾ ಆಗೈತೆ.”

ಈಗ ತಾನೆ ಕುಡಿದೆ ಎಂದೆ. ಕುಡಿದಿರಲಿಲ್ಲ.

೨೨ ನವೆಂಬರ್, ಭಾನುವಾರ

ಬೀದಿ ಬಾಗಿಲಿನಿಂದ ಸುತ್ತಿ ಹೋಗಿ ನೋಡಿ ಬಂದೆ. ನಡುಮನೆಯ ಮಂಚದ ಮೇಲೆ ದಿಂಬಿಗೆ ಒರಗಿ ಕೂತಿದ್ದರು. ಮಲಗಿದರೆ ಉಸಿರು ಕಟ್ಟುತ್ತದಂತೆ. ಕಾಲು ಊದಿ ಗೆಜ್ಜೆಯ ಗುರುತು ಮುಚ್ಚಿಹೋಗಿದೆ.

“ಬನ್ನಿ ಟೀಚರಮ್ಮ, ಕೂತ್ಕಳಿ” ಎಂದರು. ಅಮ್ಮ ಇದ್ದಾಗ ‘ಲೇ ಲಕ್ಷ್ಮೀ’ ಎನ್ನುತ್ತಿದ್ದರು. ಕಾಯಿಲೆ ಮನುಷ್ಯರನ್ನು ಮೆತ್ತಗೆ ಮಾಡುತ್ತದೆ.

ಏನಾದರೂ ಬೇಕೇ ಎಂದು ಕೇಳಿದೆ.

“ನಂಗೇನು ಬೇಕು? ಚನ್ನಮಲ್ಲಿ ಇರೋಗಂಟ ಎಲ್ಲಾ ಇತ್ತು.” ಅಮ್ಮನ ಹೆಸರು ಹೇಳಿ ಕಿಟಕಿಯ ಕಡೆ ತಿರುಗಿಕೊಂಡರು.

ಮಗ ಅಕ್ಬರ್ ಅಂಗಡಿಯಿಂದ ಊಟಕ್ಕೆ ಬಂದ. ನನಗಿಂತ ಎರಡು ವರ್ಷ ಚಿಕ್ಕವನು. ಮೀಸೆ ಅರ್ಧ ಬೆಳ್ಳಗಾಗಿದೆ. ನಮ್ಮ ಹಿತ್ತಲ ಸೀಬೆ ಮರದಿಂದ ಬಿದ್ದದ್ದು, ಇಬ್ಬರೂ ಸೇರಿ ಕಂಬಳಿ ನೇಯುವವರ ಹುರಿ ಕದ್ದು ಗಾಳಿಪಟಕ್ಕೆ ಕಟ್ಟಿದ್ದು, ಎಲ್ಲ ನೆನಪು ಮಾಡಿದ. “ನಿಮ್ಮಮ್ಮ ನಮ್ಮಿಬ್ಬರಿಗೂ ಒಂದೇ ಸೌಟಲ್ಲಿ ಬಾರಿಸ್ತಿದ್ರು. ನಿಮಗೆ ಒಂದು, ನನಗೆ ಎರಡು. ಯಾಕಮ್ಮಾ ಅಂದ್ರೆ, ಅವಳು ನಾಳೆ ಹೋಗೋಳು, ನೀನು ಇಲ್ಲೇ ಇರೋನು ಅಂತಿದ್ರು.” ನನಗೆ ಇದಾವುದೂ ನೆನಪಿಲ್ಲ. ನನ್ನ ಬಾಲ್ಯ ಇನ್ನೊಬ್ಬರ ಬಾಯಲ್ಲಿ ಇರುವುದು ವಿಚಿತ್ರವೆನ್ನಿಸಿತು.

ಹೊರಡುವಾಗ ಅಮೀರುನ್ನೀಸಾ ಬಾಗಿಲವರೆಗೆ ಬಂದು, ನಿಡಗಲ್ಲಿನಲ್ಲಿ ಯಾರಾದರೂ ಉಳಿದಿದ್ದರೆ ಕೇಳಿ ನೋಡಬಹುದು, ಆದರೆ ಗಂಡ ಹೋಗಲು ಒಪ್ಪುತ್ತಿಲ್ಲ, ಅಮ್ಮಿಗೆ ಸಿಟ್ಟು ಬರುತ್ತದೆ ಅನ್ನುತ್ತಾರೆ ಎಂದಳು. ನಾನು ಹೋಗುತ್ತೇನೆ ಎಂದುಬಿಟ್ಟೆ. ಊರು ಬಿಡುವ ಮುಂಚೆ ಈ ಬೀದಿಗೆ ಒಂದು ಉಪಕಾರವಾದರೂ ಆಗಲಿ.

೩೦ ನವೆಂಬರ್, ಸೋಮವಾರ

ಶನಿವಾರ ಶಾಲೆ ಮುಗಿಸಿ ಬಸ್ಸು ಹತ್ತಿದೆ. ಬಡವನಹಳ್ಳಿಯಲ್ಲಿ ಸಂತೆಯ ಗಂಟುಗಳೆಲ್ಲ ಬಸ್ಸಿನ ಮೇಲೇರುವವರೆಗೆ ಕಾದು, ಮಧುಗಿರಿಯಲ್ಲಿ ಬಸ್ಸು ಬದಲಿಸಿ, ಪಾವಗಡದಲ್ಲಿ ಹಳೆಯ ಶಿಷ್ಯೆಯ ಮನೆಯಲ್ಲಿ ತಂಗಿದೆ. ನಿನ್ನೆ ಬೆಳಿಗ್ಗೆ ನಿಡಗಲ್ಲಿಗೆ ಹೋದೆ. ಕಲ್ಲು, ಬಿಸಿಲು, ಮೇಲೆ ಕೋಟೆ. ಬೇಸಾಯವೆಂದರೆ ಕಡಲೆಕಾಯಿ ಮತ್ತು ಆಕಾಶ.

ಬಾವಿಯ ಹತ್ತಿರ ಒಬ್ಬ ಹೆಂಗಸು ನನ್ನ ಕೊಡೆಯನ್ನೇ ನೋಡುತ್ತ “ಎವರು ಕಾವಾಲಮ್ಮ?” ಎಂದಳು. ತೆಲುಗು ಬಾರದೆ ನಾನು ತಡವರಿಸುತ್ತ ಸಾಬರ ಮನೆ ಎಂದದ್ದು ಕೇಳಿ ಕನ್ನಡಕ್ಕೆ ಬಂದಳು. “ಕಲಾಯಿ ಹಾಕೋ ಸಾಬ್ರ ಇಲ್ಲಾ? ಅದೋ, ಆ ಬೇವಿನ ಚೆಟ್ಟು ಕೆಳಗೆ. ಮುಸಲಾಯನ ಒಬ್ಬನೇ ಇರೋದು.”

ಆ ಮುದುಕ ರಹಮತ್ ಬಿ ಅವರ ಅಣ್ಣನ ಮಗ. ಹೆಸರು ಹೇಳಿದೊಡನೆ ಕೈಯ ಪಾತ್ರೆ ಕೆಳಗಿಟ್ಟ. “ನಮ್ಮತ್ತೇನಾ? ಇನ್ನೂ ಇದಾಳಾ? ನಾನು ಸಣ್ಣೋನಾಗಿದ್ದಾಗಿಂದ ಯಾರೂ ಮುಖ ನೋಡಿಲ್ಲಮ್ಮಾ. ನಮ್ಮ ಅಬ್ಬಾ ಸಾಯೋವಾಗ ಒಂದ್ಸಾರಿ ಅವಳ ಹೆಸರು ತೆಗೆದು ಅತ್ತ. ಯಾಕೆ ಅಂತ ಚೆಪ್ಪಲೇ ಇಲ್ಲ.” ವಿಷಯ ಕೇಳಿದ ಮೇಲೆ ಎದ್ದು ಹೋಗಿ, ಯಾರ ಅಂಗಡಿಯಿಂದಲೋ ಕಡ ತಂದ ಬಿಳಿ ಬಟ್ಟೆಯನ್ನು ಹಳೆಯ ಟವೆಲಿನಲ್ಲಿ ಸುತ್ತಿ ಕೊಟ್ಟ.

ದಾರಿಯುದ್ದಕ್ಕೂ ಗಂಟನ್ನು ಮಡಿಲಲ್ಲಿಟ್ಟುಕೊಂಡು ಬಂದೆ. ಏನೋ ಗೆದ್ದು ತಂದ ಸಂತೋಷ.

ಇವತ್ತು ಬೆಳಿಗ್ಗೆ ಅದನ್ನು ಅವರ ಕೈಗಿಟ್ಟೆ. ಬಟ್ಟೆಯನ್ನು ಬೆರಳಿನಲ್ಲಿ ಹೊಸಕಿ ನೋಡಿದರು. ಕಣ್ಣಲ್ಲಿ ಬೆಳಕು ಬಂತು. ನಿಜವಾಗಿ ಬಂತು, ನಾನು ಕಂಡೆ.

“ಎಲ್ಲೀದು?”

“ನಿಡಗಲ್ಲಿನದು. ನಿಮ್ಮ ಅಣ್ಣನ ಮಗ ಕೊಟ್ಟದ್ದು.”

ಬೆರಳು ನಿಂತಿತು. ಗಂಟನ್ನು ಮಂಚದಿಂದ ಕೆಳಕ್ಕೆ ನೂಕಿದರು. ಆಮೇಲೆ ಗೋಡೆಯ ಕಡೆ ತಿರುಗಿಕೊಂಡರು. ಆ ಮಗ್ಗುಲಿನಲ್ಲಿ ಅವರಿಗೆ ಉಸಿರಾಡಲು ಆಗುವುದಿಲ್ಲ. ಆದರೂ ತಿರುಗಿಯೇ ಇದ್ದರು.

೨ ಡಿಸೆಂಬರ್

ನಾನು ಮಾಡಿದ ತಪ್ಪಾದರೂ ಏನು? ಅಕ್ಬರನಿಗೂ ತಿಳಿಯದು. “ನಿಡಗಲ್ ಅಂದ್ರೆ ಅಮ್ಮಿಗೆ ಮೊದ್ಲಿಂದ ಆಗಲ್ಲ ಅಕ್ಕಾ” ಎನ್ನುತ್ತಾನೆ, ಅಷ್ಟೇ. ಗಂಟನ್ನು ಅವನ ಚಿಕ್ಕಪ್ಪ ಜಹೀರ್ ಅಹಮದ್ ಎತ್ತಿ ಬೀರುವಿನಲ್ಲಿಟ್ಟರಂತೆ.

ಶಾಲೆಯಲ್ಲಿ ಪದ್ಯ ಪಾಠ ಮಾಡುತ್ತ ನಡುವೆ ನಿಂತುಬಿಟ್ಟೆ. ಹುಡುಗಿಯರು ಕಾದರು.

೬ ಡಿಸೆಂಬರ್, ಭಾನುವಾರ

ಎದುರು ಮನೆಯ ಲಕ್ಕಮ್ಮನ ಹತ್ತಿರ ಹೋದೆ. ಬೀದಿಯಲ್ಲಿ ಈಗ ಅವಳಿಗಿಂತ ಹಿರಿಯರಿಲ್ಲ. ಕಂಬಳಿ ಮಗ್ಗದ ಮನೆ ಅವರದು. ಕಣ್ಣು ಹೋದ ಮೇಲೂ ಉಣ್ಣೆ ಹಿಂಜುವುದನ್ನು ಬಿಟ್ಟಿಲ್ಲ. ನಿಡಗಲ್ಲಿಗೆ ಹೋಗಿ ಬಂದದ್ದನ್ನು ಹೇಳಿದೆ.

“ಅಯ್ಯೋ ನಿನ್ನ ಓದಿಗಿಷ್ಟು! ಅಲ್ಲೀಗ್ಯಾಕಮ್ಮ ಹೋಗಿದ್ದೆ? ನನ್ನ ಒಂದು ಮಾತು ಕೇಳ್ಬಾರ್ದಾಗಿತ್ತಾ?” ಎಂದು ಉಣ್ಣೆ ಪಕ್ಕಕ್ಕಿಟ್ಟಳು. ಅವಳು ಹೇಳಿದ್ದನ್ನು ಆದಷ್ಟು ಹಾಗೆಯೇ ಬರೆದಿಡುತ್ತೇನೆ.

“ಇಲಿ ಬಿದ್ದ ವರ್ಸ ಕಣಮ್ಮ. ಪಿಲೇಗು. ಇಡೀ ಬೀದಿ ಊರು ಬುಟ್ಟು ಕೆರೆ ಏರಿ ಆಚೆ ತೋಪ್ನಾಗೆ ಜೋಪಡಿ ಹಾಕ್ಕಂಡಿದ್ವಿ. ಇಲ್ಲಿ ಹೆಂಗಿದ್ವೋ ಅಲ್ಲೂ ಅಂಗೇ, ಸಾಲಾಗಿ. ನಿಮ್ದು, ಪಕ್ಕದಾಗೆ ಬೂಬಮ್ಮನ ಗಂಡ ಬಾಷಾ ಸಾಬ್ರದು, ಎದುರ್ಗೆ ನಮ್ದು. ಗೋಡೆ ಅಂದ್ರೆ ತೆಂಗಿನ ಗರಿ. ನಿಮ್ಮನೇಲಿ ಕೆಮ್ಮಿದ್ರೆ ನಮ್ಮನೇಲಿ ನೀರು ಕೊಡೋರು. ನೀನು ಆಗ ನಿಮ್ಮವ್ವನ ಸೊಂಟದ ಮ್ಯಾಲೆ.

“ಬೂಬಮ್ಮಂಗೆ ದಿನ ತುಂಬಿತ್ತು, ಚೊಚ್ಚಲು. ಅತ್ತೆ ಪಿಲೇಗಿಗೇ ಹೋಗಿದ್ಲು. ಬಾಣಂತನಕ್ಕೆ ತವರಿಗೆ ಹೋಯ್ತೀನಿ ಅಂತ ಗಾಡಿ ಕಟ್ಟಿಸ್ಕಂಡು ಹೊಂಟ್ಲು. ಜತೇಗೆ ಮೈದ್ನ, ಇದೇ ಜಹೀರು, ಚಡ್ಡಿ ಹುಡ್ಗ. ನಿಡಗಲ್ ಊರ ಮುಂದೆ ಮುಳ್ಳು ಬೇಲಿ ಎಳ್ದು ಕುಂತವ್ರೆ. ಪಿಲೇಗಿನ ಊರೋರು ಒಳೀಕೆ ಬರಂಗಿಲ್ಲ. ಬೇಲಿ ಆಚೆ ಅವ್ಳಪ್ಪ, ಅಣ್ಣ. ಈಚೆ ಇವ್ಳು. ಅಪ್ಪ ಬಾಯೇ ಬಿಡ್ಲಿಲ್ವಂತೆ. ಅಣ್ಣ ಒಂದು ಚೊಂಬು ನೀರು ನೆಲದ ಮ್ಯಾಲಿಟ್ಟು ಹಿಂದಕ್ಕೆ ಸರ್ದ್ನಂತೆ. ಅಷ್ಟೇ. ಗಾಡಿ ತಿರುಗಿಸ್ಕಂಡು ಬಂದ್ರು.

“ತೋಪಿಗೆ ಬರೋ ಹೊತ್ಗೆ ನೋವು ಸುರುವಾಗಿತ್ತು. ನಿಮ್ಮವ್ವ ನಿನ್ನ ನನ್ನ ಕೈಗೆ ಹಾಕಿ ಓಡಿದ್ಲು. ತಬ್ಕಂಡು ನಿಮ್ಮ ಜೋಪಡಿಗೇ ಕರ್ಕಂಡು ಬಂದ್ಬುಟ್ಲು. ನಿಮ್ಮಜ್ಜಿ ಕೂಗಾಡ್ತು, ‘ಲಿಂಗ ಕಟ್ಟಿದೋರ ಮನೆ ಕಣೇ ಇದು’ ಅಂತ. ನಿಮ್ಮವ್ವ, ‘ಮನೆ ಊರಲ್ಲೈತೆ ಅತ್ತೇ, ಇದು ಬರೀ ಗರಿ’ ಅಂದ್ಬುಟ್ಲು! ಅಕ್ಬರ ಹುಟ್ಟಿದ್ದು ಅಲ್ಲೇ. ಎಣ್ಣೆ ನೀರು, ಮೆಣಸಿನ ಸಾರು, ಎಲ್ಲಾ ಅವ್ಳದೇ. ಪಿಲೇಗು ಮುಗ್ದು ಊರಿಗೆ ಬಂದ್ಮ್ಯಾಲೆ ಸೀರೆ ಉಡ್ಸಿ, ಮಡ್ಲು ತುಂಬಿ, ಗಂಡನ ಮನೆಗೆ ಕಳ್ಸಿದಂಗೆ ಕಳ್ಸಿದ್ಲು. ಎಲ್ಲೀಗೆ? ಪಕ್ಕದ ಬಾಗ್ಲಿಗೆ! ಬೂಬಮ್ಮ ಆ ನಾಕು ಮಾರು ದಾರಿ ಅತ್ಗಂಡೇ ಹೋದ್ಲು, ದೂರದೂರಿಗೆ ಹೋಗೋಳಂಗೆ. ನಾವೆಲ್ಲಾ ಬಿದ್ದು ಬಿದ್ದು ನಕ್ವಿ. ಅವತ್ತಿಂದ ಪ್ರತಿ ಗೌರಿ ಹಬ್ಬಕ್ಕೂ ಅವ್ಳಿಗೆ ತವರಿನ ಸೀರೆ ನಿಮ್ಮನೇದೇ.”

ಆ ಸೀರೆ ನನಗೆ ಗೊತ್ತು. ಗೋಡೆಯ ಮೇಲಿಂದ ಅಮ್ಮ ಕೊಡುತ್ತಿದ್ದಳು. ಜವಳಿ ಅಂಗಡಿಯ ಯಜಮಾನಿಗೆ ಅಮ್ಮ ಯಾಕೆ ಸಾಧಾರಣ ನೂಲಿನ ಸೀರೆ ಕೊಡುತ್ತಾಳೆ, ಅವರು ಯಾಕೆ ಕಣ್ಣಿಗೊತ್ತಿಕೊಂಡು ತೆಗೆದುಕೊಳ್ಳುತ್ತಾರೆ ಎಂದು ಒಂದೆರಡು ಸಲ ಅನ್ನಿಸಿತ್ತು. ಕೇಳಲಿಲ್ಲ.

“ಈ ಸಲ ಹಬ್ಬದ ದಿನ ಗೋಡೆ ತಾವ ಬಂದು ನಿಂತಿದ್ಲು” ಎಂದಳು ಲಕ್ಕಮ್ಮ. “ಬಿಸಿಲು ಇಳಿಯೋಗಂಟ ನಿಂತಿದ್ಲಂತೆ. ಆಮ್ಯಾಕೆ ನನ್ನತ್ರ ಬಂದು, ‘ಚನ್ನಮಲ್ಲಿ ಜತೇಗೆ ತವರೂ ಹೋಯ್ತು ಲಕ್ಕಮ್ಮ’ ಅಂದ್ಲು.”

“ಒಂದು ಮಾತು ಕೇಳಬಾರದಿತ್ತೇ ಅವರು?”

“ತವರಿನ ಸೀರೇನ ಯಾರಾದ್ರೂ ಕೇಳಿ ಈಸ್ಕಂತಾರೇನಮ್ಮ?”

೭ ಡಿಸೆಂಬರ್

ತಾಯಿ ಹೋದ ವರ್ಷ ಹಬ್ಬ ಮಾಡುವಂತಿಲ್ಲ. ಅದಕ್ಕೇ ನಾನು ಗೌರಿ ಕೂರಿಸಲಿಲ್ಲ, ಯಾರಿಗೂ ಏನೂ ಕೊಡಲಿಲ್ಲ. ಎಲ್ಲ ಮನೆಗಳಲ್ಲೂ ಇರುವ ನಿಯಮವೇ.

ಆ ದಿನ ಹಿತ್ತಲ ಬಾಗಿಲು ಹಾಕಿಕೊಂಡು ಓದುತ್ತ ಕೂತಿದ್ದೆ.

೧೩ ಡಿಸೆಂಬರ್, ಭಾನುವಾರ

ಪೇಟೆಯಲ್ಲಿ ಅಕ್ಬರನ ಅಂಗಡಿ ಬಿಟ್ಟು ಬೇರೆ ಅಂಗಡಿಯಲ್ಲಿ ಸೀರೆ ತೆಗೆದುಕೊಂಡೆ. ಬಳೆ, ತೆಂಗಿನಕಾಯಿ, ಎಲೆ ಅಡಿಕೆ ಜೊತೆಗಿಟ್ಟೆ. ಬೀದಿಯಿಂದ ಸುತ್ತಿ ಹೋಗುವ ತಾಳ್ಮೆ ಇರಲಿಲ್ಲ. ಒಗೆಯುವ ಕಲ್ಲಿನ ಮೇಲೆ ಕಾಲಿಟ್ಟು ಮೋಟು ಗೋಡೆ ದಾಟಿದೆ. ಅಮೀರುನ್ನೀಸಾ ಬಾಯಿಗೆ ಸೆರಗು ಅಡ್ಡ ಹಿಡಿದು, “ಹೆಡ್ ಮೇಡಮ್ಮು ಗೋಡೆ ಹಾರಿದ್ದು ಶಾಲೆ ಮಕ್ಕಳು ನೋಡ್ಬೇಕಿತ್ತು!” ಎಂದಳು.

ಬೂಬಮ್ಮನಿಗೆ ಇವತ್ತು ಪ್ರಜ್ಞೆ ಬಂದು ಹೋಗಿ ಮಾಡುತ್ತಿತ್ತು. ಸೀರೆಯನ್ನು ಕೈಗಿಟ್ಟೆ. ಬಹಳ ಹೊತ್ತು ಸವರಿದರು. ಆಮೇಲೆ ನನ್ನ ಮುಖ ನೋಡಿ, “ಬಂದ್ಯಾ ಚನ್ನಮಲ್ಲೀ” ಎಂದರು.

“ಬಂದೆ.”

“ಲಕ್ಷ್ಮಿ ಎಲ್ಲಿ? ಮಗೀಗೆ ಹುಷಾರಿಲ್ವಾ?”

“ಇರಲಿಲ್ಲ. ಈಗ ಪರವಾಗಿಲ್ಲ.”

“ನೋಡ್ಕಳೇ” ಎಂದು ಕಣ್ಣು ಮುಚ್ಚಿದರು. ಸೀರೆಯ ಮೇಲಿನ ಕೈ ಹಾಗೆಯೇ ಇತ್ತು. ಕಫನ್ನಿನ ಮಾತು ಕೇಳಬೇಕೆಂದಿದ್ದೆ, ನಾನು ತರಲೇ ಎಂದು. ಯಾರ ದನಿಯಲ್ಲಿ ಕೇಳುವುದು? ನನ್ನನ್ನು ಅವರು ನೋಡಲೇ ಇಲ್ಲವಲ್ಲ.

ಹೊರಗೆ ಜಗಲಿಯ ಮೇಲೆ ಜಹೀರ್ ಅಹಮದ್ ಕೂತಿದ್ದರು. ಮಸೀದಿಯ ಕೆಲಸಗಳಲ್ಲಿ ಮುಂದಿರುವ ಬಿಗಿ ಮನುಷ್ಯ. ನನ್ನೊಡನೆ ಈವರೆಗೆ ಮಾತಾಡಿದ್ದು ಕಡಿಮೆ.

“ಟೀಚರಮ್ಮ, ಹಬ್ಬದ ಸೀರೆ ಬೇರೆ, ಕಫನ್ ಬೇರೆ” ಎಂದರು ನೆಲ ನೋಡುತ್ತ. “ಅದಕ್ಕೆ ರಕ್ತ ಸಂಬಂಧ ಬೇಕು.”

“ನಿಡಗಲ್ಲಿನ ಬೇಲಿ ನಿಮಗೆ ನೆನಪಿದೆಯೇ?”

“ನೆನಪಿಲ್ದೆ ಏನು? ಆ ಚೊಂಬಿನ ನೀರು ಕುಡ್ದೋನು ನಾನೇ. ಬಾಯಾರಿತ್ತು, ಹುಡುಗ. ಅತ್ತಿಗೆ ಮುಟ್ಲಿಲ್ಲ.” ಟೋಪಿ ತೆಗೆದು ತಲೆ ಸವರಿಕೊಂಡರು. “ಆದ್ರೂ ನಾಳೆ ಜಮಾತಿನೋರು ಬಂದು ಕೇಳಿದ್ರೆ ಏನಂತ ಹೇಳ್ಲಿ? ಲಿಂಗಾಯ್ತರ ಮನೆ ಬಟ್ಟೆ ಅನ್ಲಾ? ರಕ್ತದೋರು ಕೊಟ್ಟಿದ್ದು ಬೀರುನಲ್ಲೈತೆ. ಅದೇ ಹಾಕ್ತೀವಿ. ನೀವು ತಂದಿದ್ದೇ ಅಲ್ವಾ ಅದು?”

ಹೌದು. ನಾನೇ ತಂದದ್ದು.

೨೪ ಡಿಸೆಂಬರ್, ಗುರುವಾರ

ಮೈಸೂರಿನಿಂದ ವರ್ಗದ ಆರ್ಡರು ಬಂದಿದೆ. ಜನವರಿಯಲ್ಲಿ ಸೇರಬೇಕು. ಉತ್ತರ ಬರೆಯಬೇಕು ಎಂದುಕೊಂಡೆ, ಅಷ್ಟರಲ್ಲಿ ಒಲೆಯ ಮೇಲೆ ಬೂಬಮ್ಮನ ಗಂಜಿ ಉಕ್ಕಿತು. ಎರಡು ಚಮಚೆ ಕುಡಿದರು. ಬೆನ್ನಿಗೆ ದಿಂಬು ಕೊಟ್ಟು ಕೂರಿಸುವುದು ಈಗ ನನಗೆ ಚೆನ್ನಾಗಿ ಬರುತ್ತದೆ. ಎಡಗಡೆಯಿಂದ ಎತ್ತಬೇಕು.

ಅಮೀರುನ್ನೀಸಾ ರೊಟ್ಟಿ ತಟ್ಟಿದ್ದಳು. ಅಲ್ಲೇ ತಿಂದೆ. ಚಟ್ನಿಗೆ ಉಪ್ಪು ಹೆಚ್ಚಾಗಿತ್ತು, ಹೇಳಿದೆ. “ನಾಳೆ ನೀವೇ ಅರೀರಿ” ಎಂದಳು.

ಸಂಜೆ ಪೇಟೆಗೆ ಹೋಗಿ ಬಿಳಿ ಬಟ್ಟೆ ಕೊಂಡೆ. ಅಂಗಡಿಯವನು ಯಾತಕ್ಕೆ ಎಂದು ಕೇಳಿದ. ದುಡ್ಡು ಎಣಿಸಿ ಕೊಟ್ಟೆ. ಅದಕ್ಕೆ ಹಕ್ಕಿಲ್ಲ ಎಂದು ಗೊತ್ತಿದ್ದೂ ಯಾಕೆ ಕೊಂಡೆನೋ. ಅಮ್ಮನ ಮಂಚದ ಮೇಲಿಟ್ಟಿದ್ದೇನೆ.

೨೮ ಡಿಸೆಂಬರ್

ಮಾತು ನಿಂತಿದೆ. ಕಣ್ಣು ತೆರೆದಾಗ ಬಾಗಿಲ ಕಡೆಯೇ ನೋಡುತ್ತಾರೆ. ಯಾರೂ ಬರುವುದಿಲ್ಲ. ನಾವೆಲ್ಲ ಒಳಗೇ ಇದ್ದೇವೆ.

೩೦ ಡಿಸೆಂಬರ್, ಬುಧವಾರ

ಬೂಬಮ್ಮ ಬೆಳಗಿನ ಬಾಂಗು ಮುಗಿಯುವ ಹೊತ್ತಿಗೆ ಹೋದರು. ನಾನು ಬೆನ್ನು ಆನಿಸಿ ಹಿಡಿದುಕೊಂಡಿದ್ದೆ. ಭಾರ ಬದಲಾದದ್ದು ಮೊದಲು ನನ್ನ ತೋಳಿಗೆ ತಿಳಿಯಿತು.

ಬಿಸಿಲೇರುವಷ್ಟರಲ್ಲಿ ಮನೆ ತುಂಬಿತು. ಮಧುಗಿರಿಯಿಂದ, ಕೊರಟಗೆರೆಯಿಂದ ನೆಂಟರ ಹೆಂಗಸರು ಬಂದರು. ನಾನು ಯಾರೆಂದು ಒಬ್ಬಾಕೆ ಇನ್ನೊಬ್ಬಾಕೆಯನ್ನು ಕೇಳಿದ್ದು ಕಿವಿಗೆ ಬಿತ್ತು. ಅವಳು ಹೇಳಿದ ಉತ್ತರ “ಪಕ್ಕದ ಮನೆಯೋರು.” ಯಾವ ಮೂಲೆಯಲ್ಲಿ ನಿಲ್ಲಬೇಕೋ ತಿಳಿಯದೆ ಹಿತ್ತಲಿಗೆ ಬಂದು, ಗೋಡೆ ದಾಟಿ ಮನೆಗೆ ಬಂದುಬಿಟ್ಟೆ. ಅಮ್ಮನ ಮಂಚದ ಮೇಲೆ ಕೂತೆ. ಪಕ್ಕದಲ್ಲಿ ಆ ಬಟ್ಟೆ. ಗೋಡೆಯಾಚೆ ಹಂಡೆಗೆ ಬೆಂಕಿ ಹಾಕುವ ಸದ್ದು. ಈಗ ಬೀರು ತೆಗೆಯುತ್ತಾರೆ, ನಾನು ನಿಡಗಲ್ಲಿನಿಂದ ಹೊತ್ತು ತಂದದ್ದನ್ನು ಹೊರಕ್ಕೆ ತೆಗೆಯುತ್ತಾರೆ ಎಂದುಕೊಂಡೆ. ಅಳು ಬರಲಿಲ್ಲ. ಅಮ್ಮ ಹೋದಾಗಲೂ ಬಂದಿರಲಿಲ್ಲ.

ತೆರೆದೇ ಇದ್ದ ಬೀದಿ ಬಾಗಿಲು ತಟ್ಟಿದ ಸದ್ದಾಯಿತು. ಜಹೀರ್ ಅಹಮದ್. ನಮ್ಮ ಹೊಸ್ತಿಲ ಹತ್ತಿರ ಅವರನ್ನು ನಾನು ಹಿಂದೆಂದೂ ಕಂಡಿರಲಿಲ್ಲ. ಕಣ್ಣು ಕೆಂಪಾಗಿತ್ತು.

“ಜಮಾತಿನೋರು ಬಂದವ್ರೆ” ಎಂದರು. “ತವರು ಯಾವ್ದು ಅಂತ ಕೇಳಿದ್ರು. ಪಕ್ಕದ ಮನೆ ಅಂದೆ.”

ಕೂತಲ್ಲೇ ನನ್ನ ಕೈ ಪಕ್ಕದ ಬಟ್ಟೆಯ ಮೇಲೆ ಹೋಯಿತು. ಅವರು ಆ ಬಟ್ಟೆ ನೋಡಿದರು. ಆಮೇಲೆ ಮದುವೆ ಚಪ್ಪರದಲ್ಲಿ ಗಂಡಿನ ಕಡೆಯವರು ಗದರುವ ಹಾಗೆ ದನಿ ಎತ್ತರಿಸಿದರು.

“ಏನಮ್ಮ ನೀವು ಹೆಣ್ಣಿನ ಕಡೆಯೋರು, ಕರೆಯೋಗಂಟ ಕುಂತಿರ್ತೀರಾ? ನೀರು ಕಾದೈತೆ, ಹೆಂಗಸ್ರು ಬಟ್ಟೆಗೆ ಕಾಯ್ತಾ ಕುಂತವ್ರೆ. ಏಳು ಲಕ್ಷ್ಮೀ, ತಗಂಡು ಬಾ.”